ಹೊಸ ಟೈರು ಹಿಂದಕ್ಕೆ

ಹೊಂಗನೂರಿನ ಮನುವಿಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ರೂಪಾಯಿಯ ನಾಣ್ಯದಿಂದ. ಚನ್ನಪಟ್ಟಣದ ಟೈರಿನ ಅಂಗಡಿಯಲ್ಲಿ ಉಜೈರ್ ಆ ನಾಣ್ಯವನ್ನು ಅವರ ಕಾರಿನ ಮುಂದಿನ ಟೈರಿನ ಗೆರೆಯೊಳಗೆ ಇಳಿಸಲು ನೋಡಿ, ಅದು ಇಳಿಯದೆ ಮೇಲೆಯೇ ನಿಂತದ್ದನ್ನು ತೋರಿಸಿದ. ತೋರಿಸಿದ್ದು ಮನುವಿಗಲ್ಲ, ಮನುವಿನ ಹೆಂಡತಿ ಮಮತಾಗೆ. ಅವಳು ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾನೂ ನಾಣ್ಯ ಇಳಿಸಿ ನೋಡಿದಳು. ಇಬ್ಬರ ತಲೆಗಳ ನಡುವೆ ಒಂದು ಗೇಣು ಜಾಗವಿತ್ತೋ ಇಲ್ಲವೋ. ಮನು ಸ್ಟೂಲಿನ ಮೇಲೆ ಕೂತು ಆ ಜಾಗವನ್ನೇ ಕಣ್ಣಲ್ಲಿ ಅಳೆಯುತ್ತಿದ್ದ.

"ಗೆರೆ ಸವೆದೋಗೈತೆ ಮಮತಾ," ಅಂದ ಉಜೈರ್. "ಮಳೆ ನೀರು ಟೈರಿನ ಅಡಿಗೆ ಬಂದಾಗ ಹೊರಕ್ಕೆ ಹೋಗಕ್ಕೆ ದಾರಿ ಬೇಕಲ್ಲ, ಆ ದಾರಿನೇ ಈ ಗೆರೆ. ದಾರಿ ಇಲ್ದಿದ್ರೆ ಟೈರು ನೀರಿನ ಮೇಲೆ ತೇಲ್ತದೆ. ನೀನು ಸ್ಟೇರಿಂಗ್ ತಿರುಗಿಸ್ತಾ ಇರ್ತೀಯ, ಗಾಡಿ ನಿನ್ನ ಮಾತೇ ಕೇಳಲ್ಲ."

ಮಮತಾ. ಮೇಡಂ ಅಲ್ಲ, ಅಕ್ಕ ಅಲ್ಲ, ಬರೀ ಮಮತಾ. ಅದರ ಜೊತೆಗೆ ನೀನು ಬೇರೆ.

ಅವರಿಬ್ಬರೂ ಚನ್ನಪಟ್ಟಣದ ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿ ಬಿ.ಎಸ್ಸಿ. ಓದಿದವರು. ಮಮತಾ ಮುಂದೆ ಬಿ.ಎಡ್. ಮಾಡಿ ಕನಕಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾದಳು. ಉಜೈರ್ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಗಫಾರ್ ಸಾಹೇಬರ ಮಗ. ಗೂಡು ಬೇಯುವ ಬಿಸಿನೀರಿನ ವಾಸನೆ ತನಗಾಗದು ಎಂದು ಟೈರಿನ ಅಂಗಡಿ ಇಟ್ಟ. ಅವನಿಗೆ ನಿಖಾತ್ ಎಂಬ ಹೆಂಡತಿ ಇದ್ದಾಳೆ, ಎರಡು ಮಕ್ಕಳಿವೆ, ನೆತ್ತಿಯ ಕೂದಲು ತೆಳ್ಳಗಾಗುತ್ತಿದೆ. ಇದೆಲ್ಲ ಮನುವಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದ ಮೇಲೆ ಹೊಟ್ಟೆಯ ಉರಿ ಆರಬೇಕಿತ್ತು, ಆರಲಿಲ್ಲ. ಇಂಥ ಉರಿಗೆ ಕಾರಣ ಹೇಳಿ ಸಮಾಧಾನ ಮಾಡಿದವರು ಊರಲ್ಲಿ ಯಾರಿದ್ದಾರೆ?

ಅಸಲಿಗೆ ಆ ಕಾರು ಮನುವಿನದು. ಆರು ವರ್ಷ ಹೊಂಗನೂರಿನಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯ ಹೆಣ್ಣು ನೋಡಲು ಹೋಗುವುದಿದ್ದರೂ "ಮನು, ಕಾರು ತೆಗಿಯಪ್ಪ" ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಹೆಂಡತಿಗೆ ಬಸ್ಸಿನ ಕಷ್ಟ ಬೇಡವೆಂದು ತಾನೇ ಕೂತು ಡ್ರೈವಿಂಗ್ ಕಲಿಸಿದ. ಕಲಿಸಿದ್ದು ತಪ್ಪಾಯಿತು ಎಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಈಗ ಊರಿನವರು ಅದನ್ನು ಮೇಡಂ ಕಾರು ಅನ್ನುತ್ತಾರೆ. ಹೆತ್ತ ತಾಯಿ ದೊಡ್ಡಲಕ್ಷ್ಮಮ್ಮ ಕೂಡ, ಮಗ ಬೀಗದ ಕೈ ಎತ್ತಿಕೊಂಡರೆ, "ನೀನು ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಗ್ಲಾ, ನನ್ನ ಮಮತಾ ಕರ್ಕೊಂಡೋಯ್ತಾಳೆ. ಅವ್ಳು ಓಡ್ಸಿದ್ರೆ ಹೊಟ್ಟೆಗಿನ ನೀರು ಅಲ್ಲಾಡಲ್ಲ" ಅನ್ನುತ್ತಾಳೆ. ಇಷ್ಟು ಸಾಲದು ಎಂಬಂತೆ ಈಗ ಟೈರು ಆರಿಸುವುದಕ್ಕೂ ಉಜೈರ್ ಬಂದಿದ್ದ.

ಮನುವಿಗೆ ಬೇಕಾಗಿದ್ದದ್ದು ಗೋಡೆಗೆ ಒರಗಿಸಿಟ್ಟಿದ್ದ ಅಗಲದ ಟೈರು. ಅದರ ಮೇಲೆ ಬಾಣದಂಥ ಚಿತ್ತಾರ, ಪಕ್ಕದಲ್ಲಿ ಬಿಳಿ ಅಕ್ಷರ. ಅದನ್ನು ಹಾಕಿಸಿದರೆ ಕಾರು ನಿಂತಲ್ಲೇ ಓಡಿದ ಹಾಗೆ ಕಾಣುತ್ತಿತ್ತು.

"ಅದು ನೋಡಕ್ಕೆ ಚೆನ್ನಾಗೈತೆ ಮನು ಅಣ್ಣ," ಅಂದ ಉಜೈರ್. "ಈ ಗಾಡಿಗೆ ಅಷ್ಟು ಅಗಲ ಬ್ಯಾಡ. ಹಗುರ ಗಾಡಿ, ಅಗಲ ಜಾಸ್ತಿ ಆದಷ್ಟೂ ನೀರಿನ ಮೇಲೆ ಬೇಗ ಎದ್ದು ಕೂತ್ಕೋತದೆ. ಇದು ನೋಡಿ, ಉದ್ದಕ್ಕೆ ನಾಲ್ಕು ಗೆರೆ, ಆಳವಾಗೈತೆ. ರಬ್ಬರು ಮೆದು. ಒಸಿ ಬೇಗ ಸವೀತದೆ ನಿಜ, ಆದ್ರೆ ಒದ್ದೆ ರೋಡಲ್ಲಿ ಕಚ್ಕೋತದೆ."

ಮಮತಾ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಬೆರಳಿಟ್ಟು ಓದಿದಳು. ಯಾವ ವರ್ಷದ ಯಾವ ವಾರದಲ್ಲಿ ತಯಾರಾದದ್ದು ಎಂದು ಆ ಅಂಕಿ ಹೇಳುತ್ತದಂತೆ. "ನಾಲ್ಕು ತಿಂಗ್ಳ ಹಿಂದಿನ ಮಾಲು, ಹೊಸದೇ," ಅಂದಳು. ಉಜೈರ್ ನಕ್ಕು, "ಕಾಲೇಜಲ್ಲೂ ಹಿಂಗೇ, ಲ್ಯಾಬಿನ ಬಾಟ್ಲಿ ಮೇಲಿನ ತಾರೀಕು ಓದ್ದೆ ಮುಟ್ತಿರ್ಲಿಲ್ಲ ಇವ್ಳು" ಅಂದ. ಮಮತಾಳೂ ನಕ್ಕಳು. ಆ ನಗು ಮನುವಿಗೆ ಹೊಸದು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ಯಾವತ್ತು ಕಂಡಿದ್ದ ಎಂದು ನೆನಪು ಮಾಡಿಕೊಳ್ಳಲು ಹೋದ, ಸಿಟ್ಟಿನಲ್ಲಿ ಒಂದೂ ನೆನಪಾಗಲಿಲ್ಲ. ಎದ್ದು ಹೊರಗೆ ಹೋಗಿ ಬೇಡದ ಟೀ ಕುಡಿದ.

ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸವೆದಿದ್ದವು ಮುಂದಿನ ಎರಡು ಮಾತ್ರ. ಉಜೈರ್ ಅವುಗಳನ್ನು ತೆಗೆದು, ಅರ್ಧ ಸವೆದಿದ್ದ ಹಿಂದಿನವನ್ನು ಮುಂದಕ್ಕೆ ತಂದು, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿದ್ದ. "ಹೊಸದು ಯಾವಾಗ್ಲೂ ಹಿಂದಕ್ಕೇ," ಅನ್ನುತ್ತಿದ್ದ. ಮಮತಾ, "ಅದ್ಯಾಕೆ ಹಿಂದಕ್ಕೆ?" ಎಂದು ಕೇಳಿದಳು. ಅವನು ವಿವರಿಸಲು ಬಾಯಿ ತೆಗೆದದ್ದನ್ನು ಮನು ಕಾರಿನೊಳಗಿಂದ ನೋಡಿದ. ಇನ್ನೊಂದು ಪಾಠ ಶುರುವಾಗುತ್ತದೆ, ಇನ್ನೊಂದು ನಗು. ಅವನು ಹಾರನ್ ಮೇಲೆ ಅಂಗೈ ಒತ್ತಿ ಹಿಡಿದ.

"ಹೊತ್ತಾಯ್ತು, ಸೊಪ್ಪು ಕೊಯ್ಬೇಕು, ನಡಿ."

ಮಮತಾ ಮಾತು ಅರ್ಧಕ್ಕೇ ಬಿಟ್ಟು ಬಂದು ಕಾರು ಹತ್ತಿದಳು. ರಾತ್ರಿ ಊಟಕ್ಕೆ ಕೂತಾಗ ಅವಳು ಅತ್ತೆಗೆ ನಾಣ್ಯದ ಪರೀಕ್ಷೆಯನ್ನು ವಿವರಿಸಿದಳು. ದೊಡ್ಡಲಕ್ಷ್ಮಮ್ಮ, "ಗಫಾರ್ ಸಾಬ್ರ ಮಗ ಬಲೇ ಬುದ್ಧಿವಂತ ಕಣವ್ವ" ಅಂದಳು. ಮನು ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮಾರನೆಯ ಭಾನುವಾರ ಡೀಸೆಲ್ ತರುತ್ತೇನೆಂದು ಹೇಳಿ ಅವನು ಕಾರನ್ನು ಊರ ಹೊರಗಿನ ಚಿಕ್ಕಹನುಮಯ್ಯನ ಪಂಕ್ಚರ್ ಅಂಗಡಿಗೆ ಒಯ್ದ. ಚಿಕ್ಕಹನುಮಯ್ಯ ಟ್ರ್ಯಾಕ್ಟರು, ಬೈಕು, ಎತ್ತಿನ ಗಾಡಿಯ ಚಕ್ರ ಎಲ್ಲಕ್ಕೂ ಒಬ್ಬನೇ ವೈದ್ಯ.

"ಹೊಸಾವ್ನ ಮುಂದಕ್ಕೆ ಹಾಕು, ಹಳೇವ್ನ ಹಿಂದಕ್ಕೆ."

"ಯಾವನಪ್ಪ ಹೊಸಾವ್ನ ಹಿಂದಕ್ಕೆ ಹಾಕ್ದೋನು?" ಅಂದ ಚಿಕ್ಕಹನುಮಯ್ಯ. "ಎಳೆಯೋದು ಮುಂದ್ಲು, ತಿರುಗೋದು ಮುಂದ್ಲು, ಭಾರ ಎಲ್ಲಾ ಮುಂದ್ಲಲ್ಲೇ ಐತೆ."

ಮನುವಿಗೆ ಮೈಯೆಲ್ಲ ತಂಪಾಯಿತು. ಹುಟ್ಟಿದಾಗಿನಿಂದ ರೇಷ್ಮೆ ಗೂಡಿನ ನಡುವೆ ಬೆಳೆದವನು ಅವನು. ಮಾರುಕಟ್ಟೆಯಲ್ಲಿ ಗೂಡು ಹರವುವಾಗ ಒಳ್ಳೆಯದು ಮೇಲಕ್ಕೆ, ಮುಂದಕ್ಕೆ, ಕೊಳ್ಳುವವನ ಕಣ್ಣು ಮೊದಲು ಬೀಳುವ ಕಡೆಗೆ. ಅಪ್ಪ ಕಲಿಸಿದ್ದೂ ಅದೇ, ಅವನು ಮಾಡುತ್ತ ಬಂದದ್ದೂ ಅದೇ. ಹೊಸದನ್ನು ಹಿಂದಕ್ಕೆ ಬಚ್ಚಿಡುವುದು ಅವನ ಪಾಲಿಗೆ ಬುದ್ಧಿಯಿಲ್ಲದವರ ಕೆಲಸ. ಅರ್ಧ ಗಂಟೆಯಲ್ಲಿ ಚಕ್ರಗಳು ಅದಲುಬದಲಾದವು. ಉಜೈರನ ಕೈಕೆಲಸವನ್ನು ಬಿಚ್ಚಿಸಿದ ಸಂತೋಷ ಇತ್ತಲ್ಲ, ಅದನ್ನು ಅವನು ಸಿಳ್ಳೆ ಹಾಕುತ್ತ ಅನುಭವಿಸಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ವಾರ ಬಿಸಿಲಿತ್ತು. ಮಮತಾ ದಿನವೂ ಶಾಲೆಗೆ ಹೋಗಿ ಬಂದಳು. ಟೈರಿನ ಸುದ್ದಿ ಎತ್ತಲಿಲ್ಲ. ಹೆಂಡತಿ ಗಮನಿಸಿಯೇ ಇಲ್ಲ ಎಂದುಕೊಂಡು ಮನು ಒಳಗೊಳಗೇ ಬೀಗಿದ. ದಸರಾ ರಜೆ ಶುರುವಾಯಿತು, ಹಿಂದೆಯೇ ಮಳೆ ಹಿಡಿಯಿತು.

ಮಂಗಳವಾರ ಗೂಡು ಮಾರುವ ದಿನ. ಬೆಳಿಗ್ಗೆ ಆರಕ್ಕೇ ಮನು ಪಕ್ಕದ ಮನೆಯ ಕರಿಯಪ್ಪನ ಗೂಡ್ಸ್ ಆಟೋದಲ್ಲಿ ಗೂಡು ತುಂಬಿ, ಮೇಲೆ ಟಾರ್ಪಾಲು ಬಿಗಿದು ರಾಮನಗರಕ್ಕೆ ಹೊರಟ. ದೊಡ್ಡಲಕ್ಷ್ಮಮ್ಮನಿಗೆ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಮಮತಾ ಹನ್ನೊಂದು ಗಂಟೆಗೆ ಅವಳನ್ನು ಕಾರಿನಲ್ಲಿ ಕನಕಪುರದ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವುದೆಂದು ಮಾತಾಗಿತ್ತು.

ಮಾರುಕಟ್ಟೆಯ ಶೀಟಿನ ಮೇಲೆ ಮಳೆ ಹೊಯ್ಯುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ಗಫಾರ್ ಸಾಹೇಬರು ಮನುವಿನ ಗೂಡಿನ ರಾಶಿಯ ಮುಂದೆ ನಿಂತು, ಮೇಲಿನದನ್ನು ನೋಡದೆ ಮೊಣಕೈವರೆಗೂ ಕೈ ತೂರಿಸಿ ತಳದಿಂದ ಒಂದು ಹಿಡಿ ಎತ್ತಿದರು.

"ಮೇಲಿಂದು ನಿನ್ನ ಹೆಂಡ್ತಿಗೆ ತೋರ್ಸಪ್ಪ," ಅಂದರು. "ನಂಗೆ ತಳದ್ದು ತೋರ್ಸು."

ಸುತ್ತಲಿದ್ದವರು ನಕ್ಕರು. ಮನುವೂ ಹಲ್ಲು ಬಿಟ್ಟ. ಗೂಡು ಒಣಗಿತ್ತು, ರೇಟು ಸರಿಯಾಗಿಯೇ ಬಂತು. ಹನ್ನೊಂದು ದಾಟುವಷ್ಟರಲ್ಲಿ ತಂದೆಯನ್ನು ಮನೆಗೆ ಕರೆದೊಯ್ಯಲು ಉಜೈರ್ ಕೊಡೆ ಹಿಡಿದು ಬಂದ. ಮನುವನ್ನು ಕಂಡು ಹತ್ತಿರ ಬಂದು, ಕಿವಿಯ ಬಳಿ ಬಾಗಿ ಕೇಳಿದ.

"ಕಾರು ಹೆಂಗೈತೆ ಮನು ಅಣ್ಣ ಈ ಮಳೇಲಿ? ಹಿಂದ್ಲು ಹಿಡ್ಕೊಂಡೈತಾ?"

ಈ ಗಳಿಗೆಗಾಗಿಯೇ ಮನು ಒಂಬತ್ತು ದಿನ ಕಾದಿದ್ದ. "ನಾನು ಹೊಸಾವ್ನ ಮುಂದಕ್ಕೆ ಹಾಕಿಸ್ದೆ," ಅಂದ. "ಎಂಟು ವರ್ಷದಿಂದ ಓಡಿಸ್ತಾ ಇರೋ ಗಾಡಿ. ಯಾವುದು ಎಲ್ಲಿರಬೇಕು ಅಂತ ನನಗೂ ಗೊತ್ತು."

ಉಜೈರ್ ವಾದ ಮಾಡುತ್ತಾನೆ, ಮುಖ ಕಪ್ಪು ಮಾಡಿಕೊಳ್ಳುತ್ತಾನೆ ಎಂದು ಮನು ಎಣಿಸಿದ್ದ. ಅವನು ವಾದ ಮಾಡಲಿಲ್ಲ.

"ಗಾಡಿ ಈಗೆಲ್ಲೈತೆ?"

"ಮಮತಾ ತಗೊಂಡೋಗವ್ಳೆ. ಅವ್ವನ್ನ ಕರ್ಕೊಂಡು ಕನಕಪುರಕ್ಕೆ."

ಉಜೈರ್ ಅವನ ತೋಳು ಹಿಡಿದು ಒಂದು ಬದಿಗೆ ಕರೆದೊಯ್ದ. "ಮುಂದಿನ ಟೈರು ಜಾರಿದ್ರೆ ಗಾಡಿ ನೆಟ್ಟಗೆ ಹೋಯ್ತದೆ ಅಣ್ಣ. ಗೊತ್ತಾಯ್ತದೆ, ಎಕ್ಸಿಲೇಟರಿಂದ ಕಾಲು ತೆಗೀತೀವಿ, ಒಸಿ ಹೊತ್ತಿಗೆ ಹಿಡ್ಕೋತದೆ. ಹಿಂದಿನದು ಜಾರಿದ್ರೆ ಹಂಗಲ್ಲ. ತಿರುವಲ್ಲಿ ಹಿಂಭಾಗ ಮುಂದಕ್ಕೆ ಬಂದ್ಬುಡ್ತದೆ, ಗಾಡಿ ಸುತ್ತಿ ಬೀಳ್ತದೆ. ಮುಂದ್ಲು ಚೆನ್ನಾಗಿ ಹಿಡ್ಕೊಂಡಿರ್ತದಲ್ಲ, ಅದ್ಕೇ ಓಡ್ಸೋರಿಗೆ ಮೊದ್ಲೇ ಗೊತ್ತೇ ಆಗಲ್ಲ. ಎಷ್ಟು ಚೆನ್ನಾಗಿ ಓಡ್ಸೋರಾದ್ರೂ ಆಗ ಕೈಲಿ ಏನೂ ಇರಲ್ಲ. ಅವತ್ತು ಇದನ್ನೇ ಹೇಳಕ್ಕೆ ಹೋದೆ, ನೀವು ಹಾರನ್ ಹೊಡುದ್ರಿ."

ಸಾತನೂರಿನ ಮೇಲೆ ಕನಕಪುರಕ್ಕೆ ಹೋಗುವ ರಸ್ತೆ ಮನುವಿನ ಕಣ್ಣ ಮುಂದೆ ಬಂತು. ತಿರುವುಗಳು, ಇಳಿಜಾರಿನ ಕೆಳಗೆ ಮೋರಿಯ ಹತ್ತಿರ ನಿಲ್ಲುವ ನೀರು, ಎದುರಿನಿಂದ ಕಲ್ಲು ತುಂಬಿ ಬರುವ ಲಾರಿಗಳು. ಫೋನು ತೆಗೆದು ಮಮತಾಗೆ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಗಾಡಿ ಓಡಿಸುವಾಗ ಯಾರ ಫೋನು ಬಂದರೂ, ಅದು ತನ್ನದೇ ಆದರೂ ಮುಟ್ಟಕೂಡದು ಎಂದು ಅವಳಿಗೆ ಕಲಿಸಿದವನು ಅವನೇ.

"ನಾನೊಂದ್ಸಲ ಮಾಡ್ಲಾ?" ಅಂದ ಉಜೈರ್.

"ಬ್ಯಾಡ."

ಈ ಮಾತು ಹೇಗೆ ಬಂತೋ ಮನುವಿಗೇ ತಿಳಿಯದು. ಹೆಂಡತಿ, ತಾಯಿ ಇಬ್ಬರೂ ಆ ಮಳೆಯಲ್ಲಿ, ಆ ಟೈರಿನ ಮೇಲೆ ಇದ್ದಾರೆ. ಆದರೂ ತನ್ನ ಫೋನು ಎತ್ತದವಳು ಇವನದನ್ನು ಎತ್ತಿಬಿಟ್ಟರೆ ಎಂಬುದೇ ಮೊದಲು ಹೊಳೆದದ್ದು. ಉಜೈರ್ ಅವನ ಮುಖವನ್ನೊಮ್ಮೆ ನೋಡಿ, ಮಾತು ಕೇಳಿಸದವನಂತೆ ನಂಬರು ಒತ್ತಿದ. ರಿಂಗಾಗಿ ರಿಂಗಾಗಿ ನಿಂತಿತು. ಅವಳು ಎತ್ತಲಿಲ್ಲ. ಮನುವಿಗೆ ಸಮಾಧಾನವಾಯಿತು. ಮರುಗಳಿಗೆಯಲ್ಲೇ ಎಂಥದ್ದಕ್ಕೆ ಸಮಾಧಾನಪಟ್ಟೆ ಎಂದು ಅರಿವಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನಡೀರಿ, ನನ್ನ ಗಾಡೀಲಿ ಹೋಗಣ," ಅಂದ ಉಜೈರ್. ಗಫಾರ್ ಸಾಹೇಬರು ತಾವು ಆಟೋದಲ್ಲಿ ಮನೆಗೆ ಹೋಗುವುದಾಗಿ ಹೇಳಿ ಕೊಡೆ ಇಸಕೊಂಡರು.

ಚನ್ನಪಟ್ಟಣ ದಾಟಿ ಹೊಂಗನೂರಿನ ರಸ್ತೆ ಹಿಡಿದರು. ನೀರು ನಿಂತಲ್ಲೆಲ್ಲ ಉಜೈರ್ ಮೊದಲೇ ವೇಗ ಇಳಿಸುತ್ತಿದ್ದ, ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದ. ಕಾರು ಎಲ್ಲೂ ಅಲುಗಲಿಲ್ಲ. ಚೆನ್ನಾಗಿ ಓಡಿಸುತ್ತಾನೆ ಎಂದು ಒಪ್ಪಿಕೊಳ್ಳುವುದೂ ಮನುವಿಗೆ ಕಷ್ಟವಾಯಿತು. ಹೊಂಗನೂರು ಕಳೆದು ಎರಡು ಕಿಲೋಮೀಟರು ಹೋಗಿರಬೇಕು, ಮನುವಿನ ಫೋನು ಹೊಡೆದುಕೊಂಡಿತು. ಮಮತಾ.

"ರೀ," ಅಂದಳು. "ಕಾರು ತಿರುಗ್ಬುಡ್ತು. ಮೋರಿ ಹತ್ರ. ಏನೂ ಆಗಿಲ್ಲ. ಅತ್ತೆಗೆ ಮೊಣಕೈ ಒಸಿ ತರಚೈತೆ, ಅಷ್ಟೇ. ನೀವು ಬತ್ತೀರಾ?"

"ಬತ್ತಾ ಇದ್ದೀನಿ," ಅಂದ ಮನು.

ಮೋರಿಯಿಂದ ಮುಂದೆ, ರಸ್ತೆ ಪಕ್ಕದ ಹಿಪ್ಪುನೇರಳೆ ತೋಟದ ಅಂಚಿಗೆ ಕಾರು ನಿಂತಿತ್ತು. ಕನಕಪುರದ ಕಡೆಗೆ ಹೊರಟಿದ್ದರ ಮುಖ ಈಗ ಹೊಂಗನೂರಿನ ಕಡೆಗಿತ್ತು. ಹಿಂದಿನ ಚಕ್ರದಿಂದ ಕಂದಕಕ್ಕೆ ಮೂರು ಅಡಿ ಕೂಡ ಇರಲಿಲ್ಲ. ಮಳೆ ತಗ್ಗಿ ಹನಿಯಾಗಿತ್ತು. ದೊಡ್ಡಲಕ್ಷ್ಮಮ್ಮ ಒಂದು ಕೈಯಲ್ಲಿ ಕಪ್ಪು ಕನ್ನಡಕ ಹಿಡಿದು, ಇನ್ನೊಂದು ಕೈಯ ಮೊಣಕೈಗೆ ಸೆರಗು ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಮಗನನ್ನು ಕಂಡು ಅತ್ತಳು.

"ಲಾರಿ ಬತ್ತಿತ್ತು ಕಣ್ಲಾ ಮನು. ಒಸಿ ಮುಂಚೆ ಬಂದಿದ್ರೆ ನಾವು ಇರ್ತಿರ್ಲಿಲ್ಲ."

ಉಜೈರ್ ಅವಳನ್ನು ಎಬ್ಬಿಸಿ ತನ್ನ ಕಾರಿನಲ್ಲಿ ಕೂರಿಸಿದ. ಆಮೇಲೆ ಬಂದು ಬಗ್ಗಿ ಹಿಂದಿನ ಟೈರುಗಳನ್ನು ನೋಡಿದ. ಅವನಿಗೆ ಎಲ್ಲವೂ ಗೊತ್ತಿತ್ತು. ಎದ್ದು ಕೈ ಒರೆಸಿಕೊಂಡು, "ನೀರು ಜಾಸ್ತಿ ನಿಂತಿತ್ತು ಮಮತಾ," ಅಂದ. "ಯಾವ ಟೈರಾದ್ರೂ ಒಂದೊಂದ್ಸಲ ಹಿಂಗಾಯ್ತದೆ."

ತನ್ನನ್ನು ಕಾಪಾಡುತ್ತಿದ್ದಾನೆ. ಮನುವಿಗೆ ಅದಕ್ಕೂ ಮೈ ಉರಿಯಿತು. ಒಳ್ಳೆಯತನದಲ್ಲೂ ಇವನೇ ಮುಂದೆ.

ಮಮತಾ ತಲೆಯಾಡಿಸಿದಳು. "ಇಲ್ಲ. ನಾನು ಮೂವತ್ತರ ಸ್ಪೀಡಲ್ಲಿ ಇದ್ದೆ. ಮುಂದಿನದು ಹಿಡ್ಕೊಂಡೇ ಇತ್ತು. ಹಿಂದಿನದು ಬಿಟ್ಕೊಂಡ್ತು." ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಲೆಕ್ಕವನ್ನು ಕೇಳುವ ಮಕ್ಕಳ ಮುಖದಂತಿತ್ತು ಅವಳ ಮುಖ. "ನೀವು ಹೊಸಾವ್ನ ಮುಂದಕ್ಕೆ ಹಾಕ್ಸಿರೋದು ನಾನು ಹೋದ ವಾರ ಸೋಮವಾರನೇ ನೋಡ್ದೆ."

"ನೋಡಿದ್ಯಾ?"

"ಗಾಳಿ ನೋಡಕ್ಕೆ ಬಗ್ಗಿದಾಗ ಕಾಣ್ತು. ಉಜೈರ್ ಹಿಂದಕ್ಕೆ ಅಂದಿದ್ದ, ನೀವು ಮುಂದಕ್ಕೆ ಹಾಕ್ಸಿದ್ರಿ. ಉಜೈರ್ ಅಂಗಡೀಲಿ ಕೂತು ಹೇಳ್ತಾನೆ. ಈ ಗಾಡಿ, ಈ ರೋಡು ನಿಮಗೆ ಗೊತ್ತಿದ್ದಷ್ಟು ಅವನಿಗೆಲ್ಲಿ ಗೊತ್ತಿರತ್ತೆ ಅನ್ಕೊಂಡೆ. ಏನೋ ಯೋಚನೆ ಮಾಡೇ ಮಾಡಿರ್ತೀರ ಅಂತ ಸುಮ್ನಿದ್ದೆ. ನನಗೆ ಓಡಿಸೋದು ಕಲಿಸಿದೋರು ನೀವಲ್ವಾ."

ಇಷ್ಟು ದಿನ ಮನು ಯಾವ ಮಾತಿಗಾಗಿ ಹೊಟ್ಟೆ ಉರಿದುಕೊಂಡಿದ್ದನೋ ಅದೇ ಮಾತು. ಉಜೈರನಿಗಿಂತ ನೀನೇ ಹೆಚ್ಚು ಎಂದು ಅವಳು ಹೇಳಬೇಕೆಂದು, ಅದೂ ಉಜೈರನ ಎದುರೇ ಹೇಳಬೇಕೆಂದು ಅವನು ಬಯಸಿದ್ದ. ಹೇಳುವುದಕ್ಕೆ ಮೊದಲೇ ಅವಳು ಹಾಗೆ ನಡೆದುಕೊಂಡಿದ್ದಳು. ಅವನನ್ನು ನಂಬಿದ್ದರಿಂದಲೇ ಅವಳೂ ಅವನ ತಾಯಿಯೂ ಆ ಲಾರಿಯ ಕೆಳಗೆ ಹೋಗುವುದರಲ್ಲಿದ್ದರು.

"ಯಾಕೆ ಬದಲಾಯಿಸಿದ್ರಿ, ಹೇಳಿ," ಅಂದಳು ಮಮತಾ. "ಕಾರಣ ಇರತ್ತಲ್ಲ."

ಉಜೈರ್ ತನ್ನ ಕಾರಿನ ಡಿಕ್ಕಿ ತೆಗೆಯುವ ನೆಪದಲ್ಲಿ ಆಚೆ ತಿರುಗಿ ನಿಂತ. ಭಾರ ಮುಂದಿರುತ್ತದೆ, ಎಳೆಯುವುದು ಮುಂದಿನ ಚಕ್ರ ಎಂದು ಚಿಕ್ಕಹನುಮಯ್ಯನ ಮಾತನ್ನು ಒಪ್ಪಿಸಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ನಂಬುತ್ತಾಳೆ ಎಂಬುದಕ್ಕೇ ಅವನಿಗೆ ಈಗ ಹೆದರಿಕೆಯಾದದ್ದು.

"ಕಾರಣ ಏನೂ ಇಲ್ಲ," ಅಂದ. "ಹೊಟ್ಟೆಕಿಚ್ಚು. ನೀನು ಇವನ ಜೊತೆ ನಕ್ಕಿದ್ದು ನೋಡಿ ಆಗ್ಲಿಲ್ಲ. ಇವನು ಹಾಕಿದ್ದನ್ನ ಬಿಚ್ಚಿಸ್ಬೇಕು ಅನ್ನಿಸ್ತು, ಬಿಚ್ಚಿಸ್ದೆ."

ಮಮತಾ ಮೊದಲು ತಮಾಷೆ ಎಂದುಕೊಂಡಳೋ ಏನೋ, ತುಟಿ ಒಂದಿಷ್ಟು ಸರಿಯಿತು. ಆಮೇಲೆ ಅವನ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಉಜೈರ್, ನಿನ್ನ ಜಾಕಿನೂ ಕೊಡು," ಅಂದಳು. "ಎರಡು ಜಾಕಿ ಇದ್ರೆ ಇಲ್ಲೇ ಬದಲಾಯಿಸ್ಬೋದು. ಹೊಸದು ಹಿಂದಕ್ಕೆ ಹಾಕ್ದೆ ನಾನು ಇನ್ನೊಂದು ಮಾರು ಓಡಿಸಲ್ಲ."

ಉಜೈರ್ ಸ್ಪ್ಯಾನರು ಹಿಡಿದು ಮುಂದೆ ಬಂದ. ಮಮತಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಗಂಡನಿಗೆ ಕೊಟ್ಟಳು. ಮನು ಕೆಸರಿನಲ್ಲಿ ಮಂಡಿಯೂರಿ ಕೂತು ಒಂದೊಂದೇ ನಟ್ಟು ಬಿಚ್ಚಿದ. ಹೊಸ ಟೈರುಗಳನ್ನು ಹಿಂದಕ್ಕೆ ಉರುಳಿಸಿದ, ಹಳೆಯವನ್ನು ಮುಂದಕ್ಕೆ ತಂದ. ಎರಡು ಸಲ ನಟ್ಟು ಕೈಜಾರಿ ಕೆಸರಿಗೆ ಬಿತ್ತು. ಹುಡುಕಿ, ಅಂಗಿಗೆ ಒರೆಸಿ ಮತ್ತೆ ಹಾಕಿದ. ನಾಲ್ಕು ಚಕ್ರಗಳನ್ನೂ ಮೈಯ ಭಾರ ಬಿಟ್ಟು ಬಿಗಿದು ಎದ್ದು ನಿಂತ.

"ಆಯ್ತು," ಅಂದ.

ಮದುವೆಯಾದ ಒಂಬತ್ತು ವರ್ಷದಲ್ಲಿ ಅವನು ಆಯ್ತು ಅಂದ ಕೆಲಸವನ್ನು ಮಮತಾ ತಿರುಗಿ ನೋಡಿದವಳಲ್ಲ. ಈಗ ಅವಳು ಸ್ಪ್ಯಾನರಿಗಾಗಿ ಕೈ ಚಾಚಿದಳು. ಸೀರೆ ಎತ್ತಿ ಕಟ್ಟಿಕೊಂಡು ಕೆಸರಲ್ಲಿ ಕೂತು, ಮೊದಲ ಚಕ್ರದಿಂದ ಶುರುಮಾಡಿ, ಅವನು ಬಿಗಿದಿದ್ದ ಒಂದೊಂದು ನಟ್ಟನ್ನೂ ಮತ್ತೆ ಬಿಗಿದು ನೋಡುತ್ತ ಹೋದಳು.